ವಿದ್ಯಾದಾಸೋಹದಲ್ಲಿ ಗುರು ಮತ್ತು ಸಾಧನ: ಒಂದು ವಿವೇಚನೆ

ವಿದ್ಯಾಭ್ಯಾಸದ ವಿಷಯವಾಗಿ ಇಂದು ಲೋಕದಲ್ಲೆಲ್ಲ ಮೂರು ಮಾತುಗಳು ಕೇಳಿಬರುತ್ತಿವೆ. ಶಿಕ್ಷಣವು ಗುಣವುಳ್ಳದ್ದಾಗಿರಬೇಕು ಎಂಬುದು ಮೊದಲನೆಯದು. ಅದು ಯಾರನ್ನೂ ಹೊರಗಿಡದೆ ಎಲ್ಲರನ್ನೂ ಒಳಗೊಳ್ಳಬೇಕು ಎಂಬುದು ಎರಡನೆಯದು. ಕಲಿಸುವ ಗುರುವು ಗಣಕಯಂತ್ರವೇ ಮೊದಲಾದ ನೂತನ ಸಾಧನಗಳಲ್ಲಿ ನಿಪುಣನಾಗಿರಬೇಕು ಎಂಬುದು ಮೂರನೆಯದು. ೨೦೧೫ರಲ್ಲಿ ವಿಶ್ವಸಂಸ್ಥೆಯು ೨೦೩೦ರೊಳಗೆ ಸಾಧಿಸಬೇಕಾದ ಹದಿನೇಳು ಗುರಿಗಳನ್ನು ಅಂಗೀಕರಿಸಿದಾಗ ಮೊದಲೆರಡು ಮಾತುಗಳನ್ನು ನಾಲ್ಕನೆಯ ಗುರಿಯಲ್ಲಿ ಸ್ಪಷ್ಟವಾಗಿ ಸೇರಿಸಿತು. ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿ ಅರ್ಹ ಶಿಕ್ಷಕರನ್ನು ಸಿದ್ಧಗೊಳಿಸುವ ಕಾರ್ಯವನ್ನೂ ಅದೇ ಗುರಿಯ ಅಂಗವನ್ನಾಗಿ ಮಾಡಿತು. ಈ ಮೂರು ಮಾತುಗಳು ಬೇರೆ ಬೇರೆಯೇ, ಅಥವಾ ಒಂದೇ ತತ್ತ್ವದ ಮೂರು ಮುಖಗಳೇ ಎಂಬುದನ್ನು ಕೃಷ್ಣಾತೀರದ ಈ ನಾಡಿನ ಅನುಭವದ ಬೆಳಕಿನಲ್ಲಿ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪಂಕ್ತಿಭೇದವಿಲ್ಲದ ವಿದ್ಯೆ

ದಾಸೋಹದ ಪಂಕ್ತಿಗೆ ಒಂದು ನಿಯಮವುಂಟು. ಮೊದಲ ಎಲೆಗೆ ಬಡಿಸಿದ್ದನ್ನೇ ಕಡೆಯ ಎಲೆಗೂ ಬಡಿಸಬೇಕು. ಮೊದಲ ಎಲೆಗೆ ಹುಗ್ಗಿ, ಕಡೆಯ ಎಲೆಗೆ ಬರಿಯ ತಿಳಿಸಾರು ಎಂದಾದರೆ ಅದು ಪಂಕ್ತಿಭೇದವೆನಿಸುತ್ತದೆ. ಅಡುಗೆ ಎಷ್ಟೇ ರುಚಿಯಾಗಿದ್ದರೂ ಅಂಥ ಊಟ ದಾಸೋಹವೆಂಬ ಹೆಸರಿಗೆ ಅರ್ಹವಾಗದು. ವಿದ್ಯೆಯ ವಿಷಯದಲ್ಲಿಯೂ ಇದೇ ನ್ಯಾಯ. ಮುಂದಿನ ಸಾಲಿನ ಹತ್ತು ಮಕ್ಕಳು ಶೇಕಡಾ ತೊಂಬತ್ತು ಅಂಕ ಗಳಿಸಿ, ಹಿಂದಿನ ಸಾಲಿನ ಮಕ್ಕಳು ತಪ್ಪಿಲ್ಲದೆ ಒಂದು ವಾಕ್ಯ ಓದಲಾರದೆ ಉಳಿದರೆ, ಫಲಿತಾಂಶದ ಫಲಕ ಚೆಂದವಾಗಿ ಕಾಣಬಹುದು. ಆದರೆ ಆ ಶಾಲೆಯ ಗುಣಮಟ್ಟ ಉತ್ತಮವೆಂದು ಹೇಳಲು ಬಾರದು. ಆದಕಾರಣ ಗುಣಮಟ್ಟವೂ ಸರ್ವರ ಸೇರ್ಪಡೆಯೂ ಎರಡಲ್ಲ. ಕಡೆಯ ಎಲೆಯಲ್ಲಿ ಏನಿದೆ ಎಂಬುದೇ ಅಡುಗೆಮನೆಯ ನಿಜವಾದ ಪರೀಕ್ಷೆ.

ಈ ತತ್ತ್ವ ಈ ಭಾಗಕ್ಕೆ ಹೊರಗಿನಿಂದ ಬಂದದ್ದಲ್ಲ. ನಿಡಗುಂದಿಯಿಂದ ಅನತಿದೂರದ ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರು ೧೨ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ನೆಲೆಗೊಳಿಸಿದ ಅನುಭಾವಗೋಷ್ಠಿಯಲ್ಲಿ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಆಯ್ದಕ್ಕಿ ಲಕ್ಕಮ್ಮ ಮೊದಲಾದ ಕಾಯಕಜೀವಿಗಳು ಸಮಾನ ಪೀಠದಲ್ಲಿ ಕುಳಿತು ತತ್ತ್ವಚಿಂತನೆ ಮಾಡಿದರು. ಅದು ಸಾಧ್ಯವಾದದ್ದು ಒಂದು ಮುಖ್ಯ ಬದಲಾವಣೆಯಿಂದ: ಶಾಸ್ತ್ರವು ಸಂಸ್ಕೃತವನ್ನು ಬಿಟ್ಟು ಜನರಾಡುವ ಕನ್ನಡಕ್ಕೆ ಇಳಿಯಿತು. ಜ್ಞಾನದ ವಾಹನವನ್ನು ಬದಲಿಸಿದಾಗ ಜ್ಞಾನದ ಬಾಗಿಲು ತೆರೆಯಿತು ಎಂಬುದು ಇಲ್ಲಿ ಗಮನಿಸತಕ್ಕ ಅಂಶ.

೨೦೦೨ರ ಜೂನ್ ತಿಂಗಳಿನಲ್ಲಿ ಕರ್ನಾಟಕ ಸರ್ಕಾರವು ಶಾಲಾ ಮಕ್ಕಳಿಗೆ ಬಿಸಿಯೂಟ ನೀಡುವ ಯೋಜನೆಯನ್ನು ಮೊದಲಿಗೆ ಉತ್ತರದ ಏಳು ಜಿಲ್ಲೆಗಳಲ್ಲಿ ಆರಂಭಿಸಿದಾಗ ಅಂದಿನ ಬಿಜಾಪುರ ಜಿಲ್ಲೆಯೂ ಅವುಗಳಲ್ಲೊಂದಾಗಿತ್ತು. ಆ ಯೋಜನೆಗೆ ‘ಅಕ್ಷರ ದಾಸೋಹ’ ಎಂಬ ಹೆಸರು ಬಂದದ್ದು ಸಾರ್ಥಕವಾದುದು. ಅನ್ನದಲ್ಲಿ ಪಂಕ್ತಿಭೇದ ನೀಗಿತು. ಅಕ್ಷರದಲ್ಲಿ ಅದು ನೀಗಬೇಕಾದ ಕಾರ್ಯ ಇನ್ನೂ ಉಳಿದಿದೆ.

ಓಲೆಗರಿಯಿಂದ ಅಚ್ಚುಮೊಳೆಗೆ

ನೂತನ ಸಾಧನವೆಂದೊಡನೆ ಸಂಪ್ರದಾಯಸ್ಥರು ಅಳುಕುವುದೂ, ಅದನ್ನು ಪರಧರ್ಮವೆಂಬಂತೆ ದೂರವಿಡುವುದೂ ಉಂಟು. ಈ ಅಳುಕಿಗೆ ವಿಜಯಪುರದ ಇತಿಹಾಸದಲ್ಲಿಯೇ ಉತ್ತರವಿದೆ. ಶತಮಾನಗಳ ಕಾಲ ವಚನಗಳು ಓಲೆಗರಿಯ ಕಟ್ಟುಗಳಲ್ಲಿ ಮಠಗಳಲ್ಲಿಯೂ ಮನೆಗಳ ಜಗುಲಿಯ ಮೇಲೆಯೂ ಪೂಜೆಗೊಳ್ಳುತ್ತಿದ್ದವು, ಓದುವವರು ವಿರಳರಾಗಿದ್ದರು. ವಿಜಯಪುರದಲ್ಲಿ ವಕೀಲರಾಗಿದ್ದ ಡಾ. ಫ. ಗು. ಹಳಕಟ್ಟಿಯವರು (೧೮೮೦-೧೯೬೪) ಆ ಕಟ್ಟುಗಳನ್ನು ಊರೂರು ತಿರುಗಿ ಸಂಗ್ರಹಿಸಿ, ಪಾಠಗಳನ್ನು ಹೋಲಿಸಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಅನಂತರ ಮನೆಯನ್ನೇ ಮಾರಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ೧೯೧೦ರಲ್ಲಿಯೇ ಜಿಲ್ಲೆಯ ಲಿಂಗಾಯತ ವಿದ್ಯಾಸಂಸ್ಥೆಯ ಸ್ಥಾಪನೆಗೆ ಕಾರಣರಾದವರೂ ಅವರೇ.

ಆ ಕಾಲಕ್ಕೆ ಮುದ್ರಣಯಂತ್ರ ಇಂದಿನ ಗಣಕಯಂತ್ರದಷ್ಟೇ ಹೊಸದೂ ದುಬಾರಿಯೂ ಆದ ಸಾಧನವಾಗಿತ್ತು. ಆದರೆ ಹಳಕಟ್ಟಿಯವರು ಯಂತ್ರವನ್ನು ಕೊಂಡು ಸುಮ್ಮನಾಗಲಿಲ್ಲ. ಪಾಠಾಂತರಗಳನ್ನು ಪರಿಶೀಲಿಸುವ ವಿದ್ವತ್ತು ಮೊದಲು, ಯಂತ್ರ ಬಳಿಕ. ವಿದ್ವತ್ತಿಲ್ಲದ ಅಚ್ಚುಯಂತ್ರ ತಪ್ಪನ್ನೇ ಸಾವಿರ ಪ್ರತಿ ಮಾಡುತ್ತಿತ್ತು. ಅಚ್ಚುಯಂತ್ರವಿಲ್ಲದ ವಿದ್ವತ್ತು ಒಂದು ಮನೆಯ ಜಗುಲಿಯಲ್ಲಿಯೇ ಉಳಿಯುತ್ತಿತ್ತು. ಎರಡೂ ಕೂಡಿದ್ದರಿಂದ ವಚನಗಳು ಜನರ ಕೈಗೆ ಬಂದವು. ೧೯೯೩ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಾಹಿತ್ಯವನ್ನು ಹದಿನೈದು ಸಂಪುಟಗಳಲ್ಲಿ ಹೊರತಂದಿತು. ಇಂದು ಆ ವಚನರಾಶಿ ಅಂತರ್ಜಾಲದಲ್ಲಿಯೂ ದೊರೆಯುತ್ತದೆ. ಒಂದು ಪದವನ್ನು ಕೊಟ್ಟರೆ ಅದು ಯಾವ ಯಾವ ಶರಣರ ವಚನದಲ್ಲಿ ಬಂದಿದೆ ಎಂಬುದನ್ನು ಕ್ಷಣಮಾತ್ರದಲ್ಲಿ ಹುಡುಕಬಹುದು. ಹಿಂದೆ ಪದಪ್ರಯೋಗಕೋಶಕ್ಕಾಗಿ ಪಂಡಿತರು ವರ್ಷಗಟ್ಟಲೆ ಚೀಟಿ ಬರೆಯಬೇಕಾಗಿದ್ದ ಕೆಲಸವನ್ನು ಇಂದು ಹೈಸ್ಕೂಲಿನ ಹುಡುಗಿಯೊಬ್ಬಳು ಅರ್ಧ ಗಂಟೆಯಲ್ಲಿ ಮಾಡಬಲ್ಲಳು. ಆದರೆ ದೊರೆತ ನೂರು ಪ್ರಯೋಗಗಳಲ್ಲಿ ಅರ್ಥಭೇದವನ್ನು ತಿಳಿಯುವುದು ಹೇಗೆಂದು ಆಕೆಗೆ ಹೇಳಿಕೊಡಲು ಗುರುವೇ ಬೇಕು.

ಆಕಾಶದಿಂದ ಬಂದ ಪಾಠ

ಸಾಧನ ಮತ್ತು ಗುರು ಇವೆರಡರಲ್ಲಿ ಯಾವುದು ಉಳಿಯುವಂಥದು ಎಂಬ ಪ್ರಶ್ನೆಗೆ ಈ ಜಿಲ್ಲೆಯೇ ಒಂದು ಪ್ರಯೋಗಭೂಮಿಯಾಗಿತ್ತು. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ ಭಾರತವು ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ದೂರದರ್ಶನದ ಪಾಠಗಳನ್ನು ತಲುಪಿಸಿತು. ‘ಸೈಟ್’ ಎಂದು ಹೆಸರಾದ ಈ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆಯ್ದವು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಪಟ್ಟಣಗಳಲ್ಲಿಯೇ ದೂರದರ್ಶನ ಅಪರೂಪವಾಗಿದ್ದ ದಿನಗಳಲ್ಲಿ ಈ ಹಳ್ಳಿಗಳ ಮಕ್ಕಳು ಬೆಳಗಿನಲ್ಲಿ ಶಾಲೆಯ ಪಾಠವನ್ನೂ, ಹಿರಿಯರು ಸಂಜೆಯಲ್ಲಿ ಒಕ್ಕಲುತನ, ಆರೋಗ್ಯ ಮೊದಲಾದ ವಿಷಯಗಳನ್ನೂ ಪರದೆಯ ಮೇಲೆ ಕಂಡರು.

ಒಂದು ವರ್ಷ ಕಳೆದೊಡನೆ ಉಪಗ್ರಹ ಸರಿದುಹೋಯಿತು. ೧೯೭೭ರಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಆರಂಭವಾಯಿತಾದರೂ ಅದರ ವ್ಯಾಪ್ತಿಗೆ ಮೀರಿದ ಹಳ್ಳಿಗಳ ಪರದೆಗಳು ಮೌನವಾದವು. ಆದರೆ ಅದೇ ವರ್ಷದಲ್ಲಿ ಉಪಗ್ರಹದ ಮೂಲಕ ಇನ್ನೊಂದು ಕಾರ್ಯವೂ ನಡೆದಿತ್ತು: ಸುಮಾರು ೫೦,೦೦೦ ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನಬೋಧನೆಯಲ್ಲಿ ತರಬೇತಿ ದೊರೆತಿತ್ತು. ಉಪಗ್ರಹ ಹೋದರೂ ಆ ಶಿಕ್ಷಕರು ತಮ್ಮ ತಮ್ಮ ಶಾಲೆಗಳಲ್ಲಿಯೇ ಇದ್ದರು. ಕಲಿತದ್ದು ಅವರೊಡನೆ ಉಳಿಯಿತು. ಯಂತ್ರಕ್ಕೆ ಆಯುಷ್ಯ ಕಡಿಮೆ, ಗುರುವಿನಲ್ಲಿ ಬಿತ್ತಿದ ವಿದ್ಯೆಗೆ ಆಯುಷ್ಯ ಹೆಚ್ಚು. ಗಣಕಯಂತ್ರದ ಕೊಠಡಿಯನ್ನು ಕಟ್ಟಿ, ಬೀಗ ಹಾಕಿ, ಐದು ವರ್ಷದ ಬಳಿಕ ಯಂತ್ರಗಳು ಕೆಟ್ಟಿವೆಯೆಂದು ವರದಿ ಬರೆಯುವ ಎಲ್ಲ ಸಂಸ್ಥೆಗಳೂ ಈ ಪಾಠವನ್ನು ನೆನಪಿಡಬೇಕು.

೨೦೨೦ರ ಪರೀಕ್ಷೆ

೨೦೨೦ರ ಮಾರ್ಚ್ ತಿಂಗಳಿನಲ್ಲಿ ಮಹಾಮಾರಿಯ ಕಾರಣದಿಂದ ಶಾಲೆಗಳೆಲ್ಲ ಮುಚ್ಚಿದಾಗ ಪಂಕ್ತಿಭೇದ ಕಣ್ಣಿಗೆ ಕಟ್ಟಿದಂತೆ ಗೋಚರಿಸಿತು. ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದ ಮಗುವಿಗೆ ಪಾಠ ಸಿಕ್ಕಿತು, ಇಲ್ಲದ ಮಗುವಿಗೆ ಸಿಗಲಿಲ್ಲ. ಇದ್ದ ಒಂದೇ ಫೋನು ತಂದೆಯೊಡನೆ ಹೊಲಕ್ಕೆ ಹೋಯಿತು. ಸಂಜೆ ಮರಳಿದಾಗ ಅದು ಮೊದಲು ಮಗನ ಕೈಗೆ, ಉಳಿದರೆ ಮಗಳ ಕೈಗೆ ಎಂಬ ಸ್ಥಿತಿ ಅನೇಕ ಮನೆಗಳದಾಯಿತು.

ಆ ವರ್ಷದ ಜುಲೈ ತಿಂಗಳಿನಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಆರಂಭವಾದವು. ಆಗಸ್ಟ್‌ನಲ್ಲಿ ಬಂದ ‘ವಿದ್ಯಾಗಮ’ ಯೋಜನೆಯಲ್ಲಿ ಮಕ್ಕಳನ್ನು ಫೋನು ಇಲ್ಲದವರು, ಸಾದಾ ಫೋನು ಇರುವವರು, ಅಂತರ್ಜಾಲ ಸಹಿತ ಫೋನು ಇರುವವರು ಎಂದು ಮೂರು ಗುಂಪಾಗಿ ಗುರುತಿಸಿ, ಶಿಕ್ಷಕರೇ ಗುಡಿಯ ಕಟ್ಟೆ, ಮರದ ನೆರಳು, ಸಮುದಾಯ ಭವನಗಳಿಗೆ ಹೋಗಿ ಪಾಠ ಹೇಳಿದರು. ರೋಗಭೀತಿಯಿಂದ ಅಕ್ಟೋಬರ್‌ನಲ್ಲಿ ಅದು ನಿಂತು, ೨೦೨೧ರ ಜನವರಿಯಲ್ಲಿ ಮತ್ತೆ ಆರಂಭವಾಯಿತು. ಸಾಧನ ಸೋತೆಡೆಯಲ್ಲಿ ಮಾಸ್ತರರ ಕಾಲ್ನಡಿಗೆಯೇ ಸೇತುವೆಯಾಯಿತು ಎಂಬುದು ಇಲ್ಲಿಯ ಸತ್ಯ. ಎಲ್ಲಿ ಫೋನು ತಲುಪುತ್ತದೆ, ಎಲ್ಲಿ ತಾನೇ ತಲುಪಬೇಕು ಎಂದು ವಿಂಗಡಿಸಿ ತಿಳಿಯುವ ವಿವೇಕವೇ ನೂತನ ಕೌಶಲದ ಮೊದಲ ಅಂಗ.

ಇದು ಈ ನಾಡಿಗೆ ಮಾತ್ರ ಸೀಮಿತವಾದ ಸಮಸ್ಯೆಯಲ್ಲ. ೨೦೨೩ರಲ್ಲಿ ಜಗತ್ತಿನ ಜನಸಂಖ್ಯೆಯ ಮೂರನೆಯ ಒಂದು ಭಾಗ, ಅಂದರೆ ಸುಮಾರು ೨೬೦ ಕೋಟಿ ಜನ, ಅಂತರ್ಜಾಲದಿಂದ ಹೊರಗಿದ್ದರೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಲೆಕ್ಕ ಹಾಕಿತು. ಅದೇ ವರ್ಷ ಯುನೆಸ್ಕೊ ಸಂಸ್ಥೆಯ ಜಾಗತಿಕ ಶಿಕ್ಷಣ ವರದಿಯು ತಂತ್ರಜ್ಞಾನವನ್ನೇ ವಿಷಯವಾಗಿ ಆರಿಸಿಕೊಂಡು, ಈ ಸಾಧನ ಯಾರ ಷರತ್ತಿನ ಮೇಲೆ ಶಾಲೆಯನ್ನು ಪ್ರವೇಶಿಸುತ್ತಿದೆ ಎಂಬ ಪ್ರಶ್ನೆಯನ್ನೆತ್ತಿತು. ಮಾರುವವನ ಷರತ್ತೋ, ಕಲಿಯುವ ಮಗುವಿನ ಷರತ್ತೋ ಎಂಬುದು ನಿರ್ಣಾಯಕ.

ಕಾಲುವೆಯ ಕೊನೆಯ ಹೊಲ

ನಿಡಗುಂದಿಯ ಸಮೀಪದ ಆಲಮಟ್ಟಿಯಲ್ಲಿ ೧೯೬೪ರಲ್ಲಿ ಲಾಲ್‌ಬಹಾದುರ ಶಾಸ್ತ್ರಿಯವರು ಅಡಿಗಲ್ಲಿಟ್ಟ ಜಲಾಶಯ ಇಂದು ಸಮುದ್ರದಂತೆ ಹರಡಿದೆ. ಆದರೆ ಜಲಾಶಯ ತುಂಬಿದ ಮಾತ್ರಕ್ಕೆ ಹೊಲ ಹಸಿರಾಗದು. ಮುಖ್ಯ ಕಾಲುವೆ, ಉಪಕಾಲುವೆ, ಹೊಲಗಾಲುವೆ ಇವೆಲ್ಲ ಸರಿಯಿದ್ದು, ಕೊನೆಯ ಹೊಲದ ಒಕ್ಕಲಿಗನು ಗುದ್ದಲಿಯಿಂದ ನೀರನ್ನು ತನ್ನ ಸಾಲಿಗೆ ತಿರುವಿಕೊಂಡಾಗಲೇ ಬೆಳೆ. ಕಾಲುವೆಯ ಕೊನೆಯ ಭಾಗದ ರೈತರ ಕಷ್ಟವನ್ನು ಈ ಸೀಮೆಯವರಿಗೆ ವಿವರಿಸಬೇಕಾಗಿಲ್ಲ.

ಜ್ಞಾನದ ಜಲಾಶಯವೂ ಇಂದು ತುಂಬಿದೆ. ೨೦೧೭ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ‘ದೀಕ್ಷಾ’ ವೇದಿಕೆಯಲ್ಲಿ ಪಠ್ಯಪುಸ್ತಕಗಳಿಗೆ ಹೊಂದಿಕೊಂಡ ಪಾಠಗಳಿವೆ. ೨೦೧೬ರಲ್ಲಿ ಮೈಸೂರಿನಲ್ಲಿ ಉದ್ಘಾಟನೆಗೊಂಡ ‘ಭಾರತವಾಣಿ’ಯಲ್ಲಿ ನಿಘಂಟುಗಳಿವೆ. ೨೦೧೬-೧೭ರಿಂದ ‘ಟಾಲ್ಪ್’ ಎಂಬ ಕಾರ್ಯಕ್ರಮದಡಿ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ ಗಣಕ ತರಬೇತಿ ದೊರೆಯಿತು. ೨೦೧೯ರಲ್ಲಿ ‘ನಿಷ್ಠಾ’ ಎಂಬ ರಾಷ್ಟ್ರೀಯ ತರಬೇತಿ ಆರಂಭವಾಗಿ ಮರುವರ್ಷ ಅಂತರ್ಜಾಲದ ಮೂಲಕವೇ ನಡೆಯಿತು. ಇಷ್ಟಾದರೂ ನೀರು ಕೊನೆಯ ಹೊಲಕ್ಕೆ ಹರಿಯಿತೇ ಎಂದು ನೋಡಬೇಕಾದವನು ತರಗತಿಯ ಗುರು. ಪ್ರಾದೇಶಿಕ ಅಸಮತೋಲನವನ್ನು ಕುರಿತ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ೨೦೦೨ರಲ್ಲಿ ರಾಜ್ಯದ ೧೧೪ ತಾಲ್ಲೂಕುಗಳನ್ನು ಹಿಂದುಳಿದವೆಂದೂ, ಅವುಗಳಲ್ಲಿ ೩೯ನ್ನು ಅತ್ಯಂತ ಹಿಂದುಳಿದವೆಂದೂ ಗುರುತಿಸಿತು. ಆ ೩೯ರಲ್ಲಿ ಹೆಚ್ಚಿನವು ಉತ್ತರ ಕರ್ನಾಟಕದವು ಎಂಬುದನ್ನು ನೆನೆದರೆ ಈ ಭಾಗದ ಗುರುವಿನ ಹೊಣೆ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ.

ಗುರುವಿನ ಕೌಶಲದ ನಾಲ್ಕು ಅವಸ್ಥೆಗಳು

ಪ್ರಾಚೀನರು ವಿದ್ಯೆಗೆ ಅಧೀತಿ, ಬೋಧ, ಆಚರಣ, ಪ್ರಚಾರಣ ಎಂಬ ನಾಲ್ಕು ಅವಸ್ಥೆಗಳನ್ನು ಹೇಳಿದ್ದಾರೆ. ಯುನೆಸ್ಕೊ ಸಂಸ್ಥೆಯು ೨೦೧೮ರಲ್ಲಿ ಪರಿಷ್ಕರಿಸಿದ ಶಿಕ್ಷಕರ ತಂತ್ರಜ್ಞಾನ ಸಾಮರ್ಥ್ಯದ ಚೌಕಟ್ಟಿನಲ್ಲಿ ಜ್ಞಾನದ ಗಳಿಕೆ, ಜ್ಞಾನದ ಆಳ, ಜ್ಞಾನದ ಸೃಷ್ಟಿ ಎಂಬ ಮೂರು ಮೆಟ್ಟಿಲುಗಳಿವೆ. ಎರಡನ್ನೂ ಹೋಲಿಸಿದರೆ ತಾತ್ಪರ್ಯ ಒಂದೇ.

ಯಂತ್ರವನ್ನು ತೆರೆಯುವುದು, ಮುಚ್ಚುವುದು, ಬೇಕಾದುದನ್ನು ಹುಡುಕುವುದು ಅಧೀತಿ. ಈ ಪಾಠಕ್ಕೆ ಈ ಚಿತ್ರ ಏಕೆ ಬೇಕು, ಕಪ್ಪುಹಲಗೆ ಎಲ್ಲಿ ಸಾಕು ಎಂಬುದನ್ನು ಅರಿಯುವುದು ಬೋಧ. ಅದನ್ನು ದಿನದ ಪಾಠದಲ್ಲಿ, ವಿದ್ಯುತ್ತು ಹೋದರೂ ಪಾಠ ನಿಲ್ಲದಂತೆ ಬಳಸುವುದು ಆಚರಣ. ತಾನು ಕಂಡುಕೊಂಡ ವಿಧಾನವನ್ನು ಪಕ್ಕದ ಶಾಲೆಯ ಶಿಕ್ಷಕ ಶಿಕ್ಷಕಿಯರಿಗೆ ತಲುಪಿಸುವುದು ಪ್ರಚಾರಣ. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳ ವಿಷಯ ಶಿಕ್ಷಕರು ಗುಂಪುಗಳಾಗಿ ಸೇರಿ, ತಾವೇ ಪಾಠಸಾಮಗ್ರಿಯನ್ನು ಕನ್ನಡದಲ್ಲಿ ಬರೆದು ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ಕ್ಕೆ ಸೇರಿಸಿದ್ದು ಈ ನಾಲ್ಕನೆಯ ಅವಸ್ಥೆಗೆ ನಿದರ್ಶನ. ಬಹುಪಾಲು ತರಬೇತಿಗಳು ಮೊದಲನೆಯ ಅವಸ್ಥೆಯಲ್ಲಿಯೇ ಮುಗಿದು ಪ್ರಮಾಣಪತ್ರ ಕೊಡುತ್ತವೆ. ದೋಷವಿರುವುದು ಅಲ್ಲಿಯೇ.

ಕಾಗುಣಿತವೂ ಕೀಲಿಮಣೆಯೂ

ಕನ್ನಡ ಪಂಡಿತನಿಗೂ ಗಣಕಯಂತ್ರಕ್ಕೂ ಏನು ಸಂಬಂಧವೆಂದು ಕೆಲವರು ಕೇಳುತ್ತಾರೆ. ವಾಸ್ತವವಾಗಿ ಕನ್ನಡದ ಕೀಲಿಮಣೆಯ ಶಾಸ್ತ್ರ ಕನ್ನಡ ವ್ಯಾಕರಣವೇ ಆಗಿದೆ. ಕೇಶಿರಾಜನ ‘ಶಬ್ದಮಣಿದರ್ಪಣ’ದಿಂದ ಒಂದನೆಯ ತರಗತಿಯ ಕಾಗುಣಿತದವರೆಗೆ ನಡೆದುಬಂದ ವರ್ಣವಿಚಾರವನ್ನೇ ಅದು ಅನುಸರಿಸುತ್ತದೆ. ಕೆ. ಪಿ. ರಾವ್ ಅವರು ರೂಪಿಸಿದ, ಮುಂದೆ ‘ನುಡಿ’ ತಂತ್ರಾಂಶದಲ್ಲಿ ರೂಢಿಗೆ ಬಂದ ವಿನ್ಯಾಸದಲ್ಲಿ ವ್ಯಂಜನದ ಕೀಲಿಯನ್ನು ಒತ್ತಿ ಸ್ವರದ ಕೀಲಿಯನ್ನು ಒತ್ತಿದರೆ ಗುಣಿತಾಕ್ಷರ ಮೂಡುತ್ತದೆ. ‘ಗುರು’ ಎಂದು ಬರೆಯಲು ಗ, ಉ, ರ, ಉ ಎಂಬ ನಾಲ್ಕು ಕೀಲಿಗಳು. ‘ಅಕ್ಕ’ ಎಂದು ಬರೆಯಲು ಅ, ಕ, ಒತ್ತಿನ ಕೀಲಿ, ಮತ್ತೆ ಕ.

‘ಧರ್ಮ’ ಎಂಬಲ್ಲಿ ಒಂದು ಸ್ವಾರಸ್ಯವಿದೆ. ಕಾಗದದ ಮೇಲೆ ಅರ್ಕಾವೊತ್ತು ಮಕಾರದ ಬಳಿಕ ಬರುತ್ತದೆ. ಯಂತ್ರಕ್ಕೆ ಮಾತ್ರ ಧ, ರ, ಒತ್ತು, ಮ ಎಂಬ ಕ್ರಮದಲ್ಲಿಯೇ ಹೇಳಬೇಕು. ಅಂದರೆ ಉಚ್ಚಾರಣೆಯ ಕ್ರಮವೇ ಕೀಲಿಯ ಕ್ರಮ. ಅರ್ಕಾವೊತ್ತನ್ನು ಎಲ್ಲಿ ಇಡಬೇಕೆಂದು ತೊಡಕುಪಡುವ ಮಗುವಿಗೆ ಈ ಕ್ರಮವನ್ನು ತೋರಿಸಿದರೆ ವ್ಯಾಕರಣವೂ ಯಂತ್ರವೂ ಒಂದೇ ಪಾಠದಲ್ಲಿ ಮನದಟ್ಟಾಗುತ್ತವೆ. ಕಾಗುಣಿತವನ್ನು ಬಲ್ಲ ಮಾಸ್ತರರು ಈ ವಿದ್ಯೆಯ ಅರ್ಧದಾರಿಯನ್ನು ಆಗಲೇ ನಡೆದಿರುತ್ತಾರೆ, ಅಂಜಲು ಕಾರಣವಿಲ್ಲ.

ಇನ್ನೊಂದು ಸೂಕ್ಷ್ಮವನ್ನೂ ಹೇಳಬೇಕು. ಹಳೆಯ ಮಾದರಿಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಕನ್ನಡ ನಮ್ಮ ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಯೂನಿಕೋಡ್ ಎಂಬ ಸಾರ್ವತ್ರಿಕ ಸಂಕೇತಕ್ರಮದಲ್ಲಿ ಬರೆದರೆ ಮಾತ್ರ ಯಂತ್ರ ಅದನ್ನು ಕನ್ನಡವೆಂದು ಅರಿತು, ಹುಡುಕಿಕೊಡುತ್ತದೆ, ಗಟ್ಟಿಯಾಗಿ ಓದಿಯೂ ಹೇಳುತ್ತದೆ. ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ. ಆದುದರಿಂದ ಶಿಕ್ಷಕರು ಟಿಪ್ಪಣಿಯನ್ನು ಯಾವ ಕ್ರಮದಲ್ಲಿ ಬರೆದರು ಎಂಬ ಸಣ್ಣ ಸಂಗತಿಯ ಮೇಲೆ ದೃಷ್ಟಿಹೀನ ವಿದ್ಯಾರ್ಥಿ ತರಗತಿಯ ಒಳಗೋ ಹೊರಗೋ ಎಂಬುದು ನಿಂತಿದೆ.

ಕಡೆಯ ಎಲೆಯವರು ಯಾರು?

೨೦೧೬ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ೨೧ ಬಗೆಯ ನ್ಯೂನತೆಗಳನ್ನು ಗುರುತಿಸಿ, ಅಂಥ ಮಕ್ಕಳನ್ನು ಒಳಗೊಳ್ಳುವ ಶಿಕ್ಷಣವನ್ನು ಕರ್ತವ್ಯವನ್ನಾಗಿ ವಿಧಿಸಿದೆ. ಕಾನೂನು ಬರುವುದಕ್ಕೆ ಬಹು ಮುಂಚೆಯೇ ಹಾನಗಲ್ಲ ಕುಮಾರ ಮಹಾಸ್ವಾಮಿಗಳು ಅಂಧ ಬಾಲಕನೊಬ್ಬನಿಗೆ ಆಶ್ರಯವಿತ್ತು ಸಂಗೀತವಿದ್ಯೆ ದೊರಕಿಸಿದರು. ಆತನೇ ಮುಂದೆ ಗಾನಯೋಗಿ ಪಂಚಾಕ್ಷರ ಗವಾಯಿಗಳಾಗಿ, ಗದುಗಿನ ವೀರೇಶ್ವರ ಪುಣ್ಯಾಶ್ರಮದ ಮೂಲಕ ನೂರಾರು ಅಂಧರಿಗೂ ಅನಾಥರಿಗೂ ಬದುಕು ನೀಡಿದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (೧೯೧೪-೨೦೧೦) ಬ್ರೈಲ್ ಲಿಪಿಯನ್ನು ಬಳಸಿ ಗ್ರಂಥರಚನೆಯನ್ನೂ ಮಾಡಿದರು. ಬ್ರೈಲ್ ಕೂಡ ಒಂದು ಕಾಲದ ನೂತನ ಸಾಧನವೇ. ಗುರುವಿನ ಕರುಣೆಯೂ ತಕ್ಕ ಸಾಧನವೂ ಕೂಡಿದರೆ ಏನಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಈ ಸೀಮೆಯ ಕಡೆಯ ಎಲೆಯಲ್ಲಿ ಕುಳಿತವರು ಇನ್ನೂ ಇದ್ದಾರೆ. ತಂದೆ ತಾಯಿಗಳೊಡನೆ ಕಬ್ಬು ಕಡಿಯಲು, ಕಟ್ಟಡದ ಕೂಲಿಗೆ ದೂರದ ಊರುಗಳಿಗೆ ಗುಳೆ ಹೋಗುವ ಮಕ್ಕಳು. ಮನೆಯಲ್ಲಿ ಲಂಬಾಣಿ ನುಡಿಯನ್ನಾಡಿ ಶಾಲೆಯಲ್ಲಿ ಕನ್ನಡವನ್ನು ಮೊದಲ ಬಾರಿಗೆ ಕೇಳುವ ತಾಂಡಾದ ಮಕ್ಕಳು. ಹಿನ್ನೀರಿನಲ್ಲಿ ಊರು ಮುಳುಗಿ ಪುನರ್ವಸತಿ ಕೇಂದ್ರ ಸೇರಿದ ಮನೆತನಗಳ ಮಕ್ಕಳು. ಸುಗ್ಗಿಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲುಳಿಯುವ ಹೆಣ್ಣುಮಕ್ಕಳು. ಇವರಿಗೆ ಬೇಕಾದುದು ಮೊದಲು ಹೊಸ ಯಂತ್ರವಲ್ಲ, ಬಿಟ್ಟಲ್ಲಿಂದ ಮತ್ತೆ ಕಲಿಯಲು ಅವಕಾಶ. ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ೨೦೦೯-೧೦ರಲ್ಲಿ ರಾಜ್ಯಕ್ಕೆಲ್ಲ ವಿಸ್ತರಿಸಿದ ‘ನಲಿ-ಕಲಿ’ ಪದ್ಧತಿಯ ಕಲಿಕಾ ಏಣಿಯಲ್ಲಿ ಈ ಅವಕಾಶವಿದೆ. ಪ್ರತಿ ಮಗುವೂ ತನ್ನ ಮೆಟ್ಟಿಲಿನಲ್ಲಿ ನಿಂತಿರುತ್ತದೆ. ಮೂರು ತಿಂಗಳು ಗುಳೆ ಹೋಗಿ ಬಂದ ಮಗು ನಿಂತ ಮೆಟ್ಟಿಲಿನಿಂದಲೇ ಮುಂದಕ್ಕೆ ಹತ್ತಬಹುದು.

ಗುರುವಿನ ಕೈಯಲ್ಲಿರುವ ಫೋನು ಇಲ್ಲಿ ಉಪಕಾರಿಯಾಗಬಲ್ಲುದು. ಯಾವ ಮಗು ಯಾವ ಮೆಟ್ಟಿಲಿನಲ್ಲಿದೆ ಎಂಬುದನ್ನು ಬರೆದಿಟ್ಟು, ಗುಳೆ ಹೋದ ಊರಿನ ಶಾಲೆಯ ಶಿಕ್ಷಕರಿಗೆ ತಿಳಿಸಬಹುದು. ತಾಂಡಾದ ಅಜ್ಜಿಯ ಕಥೆಯನ್ನು ಅವಳ ನುಡಿಯಲ್ಲಿಯೇ ಧ್ವನಿಮುದ್ರಿಸಿ, ಅದರಿಂದ ಕನ್ನಡ ಪಾಠಕ್ಕೆ ಸೇತುವೆ ಕಟ್ಟಬಹುದು. ಅಂತರ್ಜಾಲವಿಲ್ಲದ ಮನೆಯ ಮಗುವಿಗಾಗಿ ಪಾಠವನ್ನು ಶಾಲೆಯಲ್ಲಿಯೇ ಇಳಿಸಿಟ್ಟು ತೋರಿಸಬಹುದು. ಇವಾವುದಕ್ಕೂ ಹೆಚ್ಚಿನ ಹಣ ಬೇಡ. ಮಗುವನ್ನು ನೆನೆಯುವ ಮನಸ್ಸು ಬೇಕು.

ಎರಡು ಎಚ್ಚರಿಕೆಗಳು

ಸಾಧನದ ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳುವುದು ನ್ಯಾಯ. ಈಗ ಪ್ರಶ್ನೆ ಕೇಳಿದರೆ ತಾನೇ ಉತ್ತರ ರಚಿಸುವ ಯಂತ್ರಬುದ್ಧಿ ಬಂದಿದೆ. ಅದು ತಪ್ಪನ್ನೂ ನಿಸ್ಸಂಶಯದ ಧಾಟಿಯಲ್ಲಿಯೇ ಹೇಳುತ್ತದೆ. ಇಲ್ಲದ ಗ್ರಂಥದ ಹೆಸರನ್ನೂ ಹೇಳಬಲ್ಲುದು. ಪ್ರಮಾಣವಾವುದು, ಪ್ರಮಾಣಾಭಾಸವಾವುದು ಎಂದು ಪರೀಕ್ಷಿಸುವ ಶಾಸ್ತ್ರಶಿಕ್ಷಣ ಈಗ ಹಿಂದೆಂದಿಗಿಂತ ಅಗತ್ಯವಾಗಿದೆ. ಮೂಲಗ್ರಂಥವನ್ನು ತೆರೆದು ನೋಡುವ ಅಭ್ಯಾಸವನ್ನು ಗುರುವು ಮೊದಲು ತಾನು ಬೆಳೆಸಿಕೊಂಡು, ಬಳಿಕ ಶಿಷ್ಯರಲ್ಲಿ ಬೆಳೆಸಬೇಕು.

ಎರಡನೆಯದು ಕಾಲದ ವಿಷಯ. ದಿನದ ಹೊತ್ತೆಲ್ಲ ಅಂಕಿಅಂಶಗಳನ್ನು ಯಂತ್ರಕ್ಕೆ ತುಂಬುವುದರಲ್ಲಿ ಕಳೆದರೆ ಸಾಧನವು ಗುರುವಿಗೆ ಸೇವಕನಾಗುವ ಬದಲು ಯಜಮಾನನಾಗುತ್ತದೆ. ಶಿಕ್ಷಕನ ಕಾಯಕ ಪಾಠ ಹೇಳುವುದು. ಉಳಿದುದೆಲ್ಲ ಅದಕ್ಕೆ ಪೋಷಕವಾಗಿರಬೇಕು. ವರದಿ ಕೇಳುವ ಅಧಿಕಾರಿಗಳೂ ಆಡಳಿತ ಮಂಡಳಿಗಳೂ ಈ ಮಾತನ್ನು ಮರೆಯಬಾರದು.

ಉಪಸಂಹಾರ

ಇಷ್ಟರಿಂದ ಸಿದ್ಧವಾಗುವುದೇನೆಂದರೆ, ಗುಣಮಟ್ಟ, ಸರ್ವರ ಸೇರ್ಪಡೆ, ಗುರುವಿನ ನೂತನ ಕೌಶಲ ಇವು ಮೂರೂ ಒಂದೇ ತತ್ತ್ವದ ಅಂಗಗಳು. ಕಡೆಯ ಎಲೆಗೆ ಬಡಿಸುವುದು ಗುರಿ, ಬಡಿಸುವ ಕೈ ಗುರುವಿನದು, ಸಾಧನವೆಂಬುದು ಸೌಟು. ಸೌಟು ಬೆಳ್ಳಿಯದೋ ಮರದ್ದೋ ಎಂಬುದು ಹಸಿದವನಿಗೆ ಮುಖ್ಯವಲ್ಲ. ತನ್ನ ಎಲೆಯವರೆಗೆ ಅದು ಬಂದಿತೇ ಎಂಬುದೇ ಮುಖ್ಯ. ಶ್ರೀಮಠಗಳು ನಡೆಸುವ ಶಾಲೆಗಳು ವರ್ಷದ ಕೊನೆಯಲ್ಲಿ ಪ್ರಥಮ ಶ್ರೇಣಿಯವರ ಪಟ್ಟಿಯೊಡನೆ, ವರ್ಷದ ಆರಂಭದಲ್ಲಿ ಓದಲು ಬಾರದಿದ್ದು ಈಗ ಓದುತ್ತಿರುವ ಮಕ್ಕಳ ಸಂಖ್ಯೆಯನ್ನೂ, ಗುಳೆ ಹೋಗಿ ಮರಳಿ ತರಗತಿ ಸೇರಿದವರ ಸಂಖ್ಯೆಯನ್ನೂ ಇಂಥ ಸಂಚಿಕೆಗಳಲ್ಲಿ ಅಚ್ಚುಮಾಡುವುದು ಉಚಿತ. ಆ ಎರಡು ಸಂಖ್ಯೆಗಳು ವರ್ಷ ವರ್ಷಕ್ಕೆ ಏರುತ್ತ ಹೋದರೆ ವಿದ್ಯಾದಾಸೋಹವೆಂಬ ಮಾತು ಅನ್ವರ್ಥಕವಾಗುತ್ತದೆ.